ದಾರಿ ತೆರೆದವನ ಮರುಪಯಣ: ಪಿಯೆರ್ ಸವೊರ್ನ್ಯಾ ದ ಬ್ರಾಜಾನ ಬದುಕು

೧

ವಸಾಹತುಕಾಲದ ಪ್ರವಾಸಿಗರನ್ನು ಕುರಿತು ಯೋಚಿಸುವಾಗ ಕನ್ನಡ ಸಂಶೋಧಕರಿಗೆ ಸಹಜವಾಗಿ ನೆನಪಾಗುವ ಹೆಸರು ಫ್ರಾನ್ಸಿಸ್ ಬುಕನನ್‌ನದು. ಟಿಪ್ಪುವಿನ ಪತನದ ಮರುವರ್ಷ, ಅಂದರೆ ೧೮೦೦ರಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ಆದೇಶದಂತೆ ಮೈಸೂರು, ಕೆನರಾ ಮತ್ತು ಮಲಬಾರು ಸೀಮೆಗಳಲ್ಲಿ ಸಂಚರಿಸಿದ ಆತನು ಬರೆದಿಟ್ಟ ವಿವರಗಳು ಇಂದಿಗೂ ನಮ್ಮ ಅಧ್ಯಯನಗಳಿಗೆ ಆಕರಗಳಾಗಿವೆ. ಬೆಳೆ, ನೀರಾವರಿ, ಕಸುಬು, ಕಂದಾಯಗಳನ್ನು ಅವನು ಅಷ್ಟು ಶ್ರದ್ಧೆಯಿಂದ ಗಮನಿಸಿದ್ದು ಹೊಸದಾಗಿ ಕೈಸೇರಿದ ನಾಡನ್ನು ಆಳಬೇಕಾಗಿದ್ದ ಪ್ರಭುತ್ವಕ್ಕಾಗಿ ಎಂಬುದನ್ನೂ ನಾವು ಬಲ್ಲೆವು. ನೋಡುವ ಕಣ್ಣಿಗೂ ಆಳುವ ಕೈಗೂ ಇರುವ ಈ ನಂಟು ಪ್ರವಾಸ ಸಾಹಿತ್ಯದ ಅಧ್ಯಯನದಲ್ಲಿ ಮತ್ತೆ ಮತ್ತೆ ಎದುರಾಗುವ ಪ್ರಶ್ನೆಯಾಗಿದೆ.

ಇಂತಹ ಪ್ರವಾಸಿಗರಲ್ಲಿ ಹೆಚ್ಚಿನವರಿಗೆ ತಾವು ತೆರೆದ ದಾರಿಯಲ್ಲಿ ಮುಂದೆ ಏನೇನು ಸಾಗಿಬಂದಿತೆಂಬುದನ್ನು ನೋಡುವ ಸಂದರ್ಭ ಒದಗಲಿಲ್ಲ. ಮಧ್ಯ ಆಫ್ರಿಕದಲ್ಲಿ ಸಂಚರಿಸಿದ ಪಿಯೆರ್ ಸವೊರ್ನ್ಯಾ ದ ಬ್ರಾಜಾನಿಗೆ ಅದು ಒದಗಿತು. ಇಂದಿನ ಗಬಾನ್ ಮತ್ತು ಕಾಂಗೋ ಗಣರಾಜ್ಯಗಳ ನದಿಗಳನ್ನೂ ಹುಲ್ಲುಗಾಡುಗಳನ್ನೂ ತನ್ನ ಇಪ್ಪತ್ತರ ಹರೆಯದಲ್ಲಿ ಕಾಲ್ನಡಿಗೆಯಿಂದ ಹಾದುಹೋದ ಆತನು, ಐವತ್ತಮೂರನೆಯ ವಯಸ್ಸಿನಲ್ಲಿ ಅದೇ ವಸಾಹತಿಗೆ ತನಿಖಾಧಿಕಾರಿಯಾಗಿ ಮರಳಿದನು. ಈ ಎರಡು ಪಯಣಗಳ ನಡುವಿನ ಅಂತರವೇ ಅವನ ಬದುಕಿನ ತಿರುಳು. ಕಾಂಗೋ ಎಂದೊಡನೆ ಜೋಸೆಫ್ ಕಾನ್ರಾಡನ ಕಾದಂಬರಿಯ ಮೂಲಕ ಬೆಲ್ಜಿಯಂ ದೊರೆ ಲಿಯೊಪೋಲ್ಡನ ಕಾಂಗೋವನ್ನು ಮಾತ್ರ ನೆನೆಯುವುದು ನಮ್ಮಲ್ಲಿ ವಾಡಿಕೆ. ನದಿಯ ಇನ್ನೊಂದು ದಡದಲ್ಲಿದ್ದ ಫ್ರೆಂಚ್ ಕಾಂಗೋದ ಕಥೆ ಅಷ್ಟಾಗಿ ಪರಿಚಿತವಲ್ಲ. ಬ್ರಾಜಾನ ಬದುಕನ್ನು ಅವನು ನಡೆದ ದಾರಿಗಳ ಮೂಲಕವೇ ನಿರೂಪಿಸಿ, ಆತನ ಹೆಸರಿಗೆ ಅಂಟಿಕೊಂಡಿರುವ ಶಾಂತಿದೂತನ ಬಿಂಬವನ್ನು ಮರುಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

೨

ಬ್ರಾಜಾ ಹುಟ್ಟಿನಿಂದ ಫ್ರೆಂಚನಲ್ಲ. ೧೮೫೨ರಲ್ಲಿ ಇಟಲಿಯಲ್ಲಿ ಹುಟ್ಟಿದ ಅವನ ಮೂಲ ಹೆಸರು ಪಿಯೆತ್ರೊ ಸವೊರ್ನ್ಯಾನ್ ದಿ ಬ್ರಾತ್ಸಾ. ಈಶಾನ್ಯ ಇಟಲಿಯ ಫ್ರಿಯುಲಿ ಪ್ರಾಂತದ ಹಳೆಯ ಕುಲೀನ ಮನೆತನ ಅವನದು. ಕಡಲಿನ ಮೋಹ ಬಾಲ್ಯದಿಂದಲೂ ಇತ್ತು. ಆಗಿನ ಇಟಲಿಯಲ್ಲಿ ಆ ಮೋಹಕ್ಕೆ ತಕ್ಕ ಅವಕಾಶ ಕಾಣದೆ, ಕುಟುಂಬಕ್ಕೆ ಪರಿಚಿತನಾಗಿದ್ದ ಫ್ರೆಂಚ್ ನೌಕಾಧಿಕಾರಿ ಮೊಂತೆನ್ಯಾಕನ ನೆರವಿನಿಂದ ೧೮೬೮ರಲ್ಲಿ ಬ್ರೆಸ್ಟ್ ಪಟ್ಟಣದ ನೌಕಾ ಶಾಲೆಯನ್ನು ಪರದೇಶಿ ವಿದ್ಯಾರ್ಥಿಯಾಗಿ ಸೇರಿದನು. ೧೮೭೧ರಲ್ಲಿ ಅಲ್ಜೀರಿಯದ ಕಬೀಲಿಯಾ ಪ್ರದೇಶದ ಜನ ಫ್ರೆಂಚರ ವಿರುದ್ಧ ದಂಗೆಯೆದ್ದಾಗ ಅದನ್ನು ಹತ್ತಿಕ್ಕಲು ಹೋದ ಪಡೆಯ ಹಡಗಿನಲ್ಲಿ ಅವನೂ ಇದ್ದನು. ಬಂದೂಕಿನ ಬಲದಿಂದ ನಾಡೊಂದನ್ನು ಅಡಗಿಸುವ ಬಗೆಯನ್ನು ಹತ್ತೊಂಬತ್ತರ ಹರೆಯದಲ್ಲೇ ಹತ್ತಿರದಿಂದ ಕಂಡದ್ದು ಮುಂದಿನ ಅವನ ನಡೆಗಳ ಮೇಲೆ ಪ್ರಭಾವ ಬೀರಿತೆಂದು ಅವನ ಜೀವನಚರಿತ್ರಕಾರರು ಗುರುತಿಸಿದ್ದಾರೆ.

೧೮೭೨ರಲ್ಲಿ ಅವನಿದ್ದ ಹಡಗು ಗಬಾನ್ ತೀರವನ್ನು ತಲುಪಿತು. ಅಲ್ಲಿನ ಮುಖ್ಯ ನೆಲೆಯಾದ ಲಿಬ್ರವಿಲ್ ಆಗ ಒಂದು ಸಣ್ಣ ಊರು. ಗುಲಾಮರ ಹಡಗೊಂದರಿಂದ ಬಿಡುಗಡೆ ಮಾಡಿದ ಜನರನ್ನು ೧೮೪೯ರಲ್ಲಿ ತಂದು ನೆಲೆಗೊಳಿಸಿದ್ದರಿಂದ ಅದಕ್ಕೆ ಬಿಡುಗಡೆಯ ಊರು ಎಂಬರ್ಥದ ಹೆಸರು ಬಂದಿತ್ತು. ತೀರದ ಬದಿಯ ನದಿಗಳಲ್ಲಿ ಕೊಂಚ ದೂರ ಒಳನಾಡಿಗೆ ಹೋಗಿಬಂದ ಬ್ರಾಜಾನ ಮನಸ್ಸನ್ನು ದಕ್ಷಿಣದ ಒಗೊವೆ ನದಿ ಹಿಡಿದಿಟ್ಟಿತು. ಅಷ್ಟು ದೊಡ್ಡ ನದಿ ಖಂಡದ ಒಡಲಿನಿಂದ, ಬಹುಶಃ ನಡುನಾಡಿನ ಸರೋವರಗಳಿಂದಲೇ ಹರಿದುಬರುತ್ತಿರಬೇಕು ಎಂಬ ಊಹೆ ಆಗ ಪ್ರಚಲಿತವಾಗಿತ್ತು. ಅದರ ಮೂಲವನ್ನು ಹುಡುಕುವ ಯೋಜನೆಯೊಂದನ್ನು ಅವನು ಸರಕಾರಕ್ಕೆ ಸಲ್ಲಿಸಿದನು. ೧೮೭೪ರಲ್ಲಿ ಫ್ರೆಂಚ್ ಪೌರತ್ವ ದೊರೆಯಿತು. ನೌಕಾಖಾತೆಯ ಮಂತ್ರಿಸ್ಥಾನದಲ್ಲಿ ಆಗ ಮೊಂತೆನ್ಯಾಕನೇ ಇದ್ದುದರಿಂದ ಯೋಜನೆಗೆ ಒಪ್ಪಿಗೆಯೂ ದೊರೆಯಿತು. ಆದರೆ ಹಣದ ನೆರವು ಕಡಮೆಯಿತ್ತು. ವೆಚ್ಚದ ಬಹುಭಾಗವನ್ನು ಅವನ ಕುಟುಂಬವೇ ಹೊತ್ತಿತು.

೩

೧೮೭೫ರಲ್ಲಿ ಹೊರಟ ತಂಡದಲ್ಲಿದ್ದ ಯುರೋಪಿಯನ್ನರು ನಾಲ್ವರೇ: ಬ್ರಾಜಾ, ವೈದ್ಯ ನೊಯೆಲ್ ಬಾಲೆ, ನಿಸರ್ಗವಿಜ್ಞಾನಿ ಆಲ್ಫ್ರೆಡ್ ಮಾರ್ಶ್ ಮತ್ತು ನೌಕಾಪಡೆಯ ಕಿರಿಯ ಅಧಿಕಾರಿ ಅಮೊ. ಇವರೊಡನೆ ಹನ್ನೆರಡು-ಹದಿಮೂರು ಮಂದಿ ಸೆನೆಗಲ್ಲಿನ ಸಿಪಾಯಿಗಳೂ ದುಭಾಷಿಗಳೂ ಇದ್ದರು. ಅದೇ ಕಾಲದಲ್ಲಿ ಖಂಡದ ಪೂರ್ವದಿಂದ ಪಶ್ಚಿಮಕ್ಕೆ ನೂರಾರು ಜನರ ದಂಡಿನೊಡನೆ ಕಾದಾಡುತ್ತ ಬರುತ್ತಿದ್ದ ಹೆನ್ರಿ ಸ್ಟ್ಯಾನ್ಲಿಯ ಯಾತ್ರೆಗೆ ಹೋಲಿಸಿದರೆ ಇದು ಅತ್ಯಂತ ಸಣ್ಣ ತಂಡ. ಈ ಸಣ್ಣತನವೇ ಪಯಣದ ಸ್ವರೂಪವನ್ನು ನಿರ್ಧರಿಸಿತು. ಬಲಪ್ರಯೋಗ ಸಾಧ್ಯವಿಲ್ಲದ ಕಡೆ ಮಾತುಕತೆಯೊಂದೇ ಉಳಿದ ದಾರಿಯಾಗಿತ್ತು.

ಒಗೊವೆ ನದಿ ಸಮುದ್ರ ಸೇರುವೆಡೆಯಲ್ಲಿ ಅನೇಕ ಕವಲುಗಳಾಗಿ ಒಡೆಯುತ್ತದೆ. ಕಾಂಡ್ಲಾ ಗಿಡಗಳ ನಡುವಣ ಆ ಕವಲುಗಳನ್ನು ದಾಟಿ ಮೇಲಕ್ಕೆ ಹೋದರೆ ದ್ವೀಪವೊಂದನ್ನು ಬಳಸಿ ಬೆಳೆದ ಲಂಬಾರೆನೆ ಸಿಗುತ್ತದೆ. ಯುರೋಪಿನ ವ್ಯಾಪಾರಿಗಳ ಮಳಿಗೆಗಳು ಆಗ ಇಲ್ಲಿಗೇ ಕೊನೆಗೊಳ್ಳುತ್ತಿದ್ದವು. ಅಲ್ಲಿಂದ ಮುಂದೆ ಕಾಡು ದಟ್ಟವಾಗಿ, ನದಿ ಬಂಡೆಗಳ ನಡುವೆ ನುಗ್ಗತೊಡಗುತ್ತದೆ. ಈ ರಭಸದ ಸೆಳವುಗಳನ್ನು ಏರಬೇಕಾದರೆ ಇಡೀ ಮರವನ್ನು ಕೊರೆದು ಮಾಡಿದ ಉದ್ದನೆಯ ದೋಣಿಗಳೂ, ಅವುಗಳನ್ನು ಹುಟ್ಟುಗೋಲಿನಿಂದ ನಡೆಸಬಲ್ಲ ಜನರೂ ಬೇಕು. ನದಿಯ ಒಂದೊಂದು ಭಾಗವೂ ಒಂದೊಂದು ಸಮುದಾಯದ ಅಧೀನದಲ್ಲಿತ್ತು. ಕೆಳಗೆ ಗಲೊವಾ, ನಡುವೆ ಒಕಾಂಡಾ, ಮೇಲೆ ಅದುಮಾ ಜನ ತಂತಮ್ಮ ಪಾಲಿನ ನೀರಿನಲ್ಲಿ ಪರರು ವ್ಯಾಪಾರ ಮಾಡುವುದನ್ನು ಒಪ್ಪುತ್ತಿರಲಿಲ್ಲ. ಉಪ್ಪು, ಬಟ್ಟೆ, ಬಂದೂಕುಗಳು ಕೈಯಿಂದ ಕೈಗೆ ಮೇಲಕ್ಕೆ ಹೋಗುತ್ತಿದ್ದವು. ಆನೆದಂತವೂ ಗುಲಾಮರೂ ಕೈಯಿಂದ ಕೈಗೆ ಕೆಳಕ್ಕೆ ಬರುತ್ತಿದ್ದರು. ಹೊರಗಿನವರಿಗೆ ಗೊಂಡಾರಣ್ಯವಾಗಿ ಕಂಡ ಪ್ರದೇಶವು ಒಳಗಿನವರ ಪಾಲಿಗೆ ಗಡಿ, ಸುಂಕ, ಸಾಲ, ನೆಂಟಸ್ತಿಕೆಗಳಿದ್ದ ವ್ಯವಸ್ಥಿತ ಲೋಕವಾಗಿತ್ತೆಂಬುದನ್ನು ಇಲ್ಲಿ ಗಮನಿಸಬೇಕು. ಬ್ರಾಜಾ ಈ ಲೋಕದ ನಿಯಮಗಳನ್ನು ಕಲಿತನು. ಕಲಿಯಲು ತಿಂಗಳುಗಟ್ಟಲೆ ಕಾದನು. ದಟ್ಟ ಕಾಡಿನ ನಡುವೆ ಒಮ್ಮೆಲೆ ಬೋಳು ಹುಲ್ಲುಗುಡ್ಡಗಳು ತೆರೆದುಕೊಳ್ಳುವ ಲೊಪೆ ಎಂಬಲ್ಲಿ ನೆಲೆಯೂರಿ ಒಕಾಂಡಾ ಮುಖಂಡರ ವಿಶ್ವಾಸ ಗಳಿಸಿದನು. ಬೂವೆ ಮತ್ತು ದೂಮೆ ಜಲಪಾತಗಳನ್ನು ದಾಟಿ ಅದುಮಾ ದೋಣಿಗರ ನಾಡನ್ನು ಸೇರಿದನು. ಜ್ವರ, ಭೇದಿ, ಸಾಮಾನು ನಷ್ಟಗಳು ತಂಡವನ್ನು ಹಣಿದವು. ಮಾರ್ಶ್ ಅರ್ಧದಲ್ಲೇ ಹಿಂದಿರುಗಿದನು.

೧೮೭೭ರಲ್ಲಿ ಪುಬಾರಾ ಜಲಪಾತದ ಬಳಿ ನದಿ ಕಿರಿದಾಯಿತು. ಒಗೊವೆ ಖಂಡದ ನಡುವಿನಿಂದ ಬರುವ ಮಹಾನದಿಯಲ್ಲ, ಅದರ ಮೂಲ ಇಲ್ಲೇ ಹತ್ತಿರದ ಎತ್ತರದ ನೆಲದಲ್ಲಿದೆ ಎಂಬುದು ಸ್ಪಷ್ಟವಾಯಿತು. ಎರಡು ವರ್ಷಗಳ ಶ್ರಮಕ್ಕೆ ಆಧಾರವಾಗಿದ್ದ ಊಹೆಯೇ ಸುಳ್ಳಾಗಿತ್ತು. ಆದರೂ ಬ್ರಾಜಾ ದೋಣಿಗಳನ್ನು ಬಿಟ್ಟು ನಡೆದು ಮುಂದೆ ಸಾಗಿದನು. ಕಾಡು ಹಿಂದೆ ಸರಿದು ತೆಕೆ ಜನರ ಪ್ರಸ್ಥಭೂಮಿ ಎದುರಾಯಿತು. ಮರಳು ಬೆರೆತ ನೆಲ, ಅಲೆಯಂತೆ ಏರಿಳಿಯುವ ಹುಲ್ಲುಗುಡ್ಡಗಳು, ನೀರಿನ ಅಭಾವ, ಅಲ್ಲೊಂದು ಇಲ್ಲೊಂದು ಕಣಿವೆಯಲ್ಲಿ ಮರಗೆಣಸಿನ ಹೊಲಗಳು. ರಾಫಿಯಾ ತಾಳೆಯ ನಾರಿನಿಂದ ನೇಯ್ದ ಬಟ್ಟೆ ತೊಟ್ಟ ಜನ. ಇದರಾಚೆ ಪೂರ್ವಕ್ಕೆ ಹರಿಯುವ ಅಲಿಮಾ ನದಿ ಸಿಕ್ಕಿತು. ೧೮೭೮ರಲ್ಲಿ ಆ ನದಿಯಲ್ಲಿ ಇಳಿಯತೊಡಗಿದಾಗ ದಡದ ವ್ಯಾಪಾರಿ ಜನರು ಬಂದೂಕುಗಳೊಡನೆ ಎದುರಾದರು. ತಮ್ಮ ವ್ಯಾಪಾರದ ನೀರಿನಲ್ಲಿ ಪರಕೀಯರು ಇಳಿಯುವುದನ್ನು ಅವರು ಸಹಿಸಲಿಲ್ಲ. ಗುಂಡಿನ ಚಕಮಕಿಯ ಬಳಿಕ ಬ್ರಾಜಾ ಹಿಂದೆ ಸರಿದನು. ಉತ್ತರದ ಕಡೆ ಇನ್ನಷ್ಟು ದೂರ ಬರಿಗಾಲಿನಲ್ಲಿ ಅಲೆದು, ಪಾದರಕ್ಷೆಯೂ ಮದ್ದುಗುಂಡೂ ತೀರಿಹೋದ ಮೇಲೆ ತೀರಕ್ಕೆ ಮರಳಿದನು. ಯುರೋಪಿಗೆ ಹಿಂದಿರುಗಿ ಸ್ಟ್ಯಾನ್ಲಿಯ ಯಾತ್ರೆಯ ಸುದ್ದಿ ತಿಳಿದಾಗಲೇ ಅಲಿಮಾ ಸೇರುವುದು ಕಾಂಗೋ ಮಹಾನದಿಯನ್ನು ಎಂಬುದು ಅವನಿಗೆ ಹೊಳೆದದ್ದು. ಕೆಲವೇ ದಿನಗಳ ದಾರಿ ದೂರದಲ್ಲಿ ಅವನು ಕಾಂಗೋವನ್ನು ತಪ್ಪಿಸಿಕೊಂಡಿದ್ದನು.

೪

ಈ ಅರಿವು ಎರಡನೆಯ ಪಯಣದ ಗುರಿಯನ್ನು ಬದಲಾಯಿಸಿತು. ಮೊದಲ ಪಯಣ ಭೂಗೋಳದ ಒಗಟೊಂದನ್ನು ಬಿಡಿಸಲು ಹೊರಟದ್ದು. ಎರಡನೆಯದು ಎದುರಾಳಿಗಿಂತ ಮೊದಲು ಒಂದು ಜಾಗವನ್ನು ತಲುಪಲು. ಸ್ಟ್ಯಾನ್ಲಿ ಈಗ ಲಿಯೊಪೋಲ್ಡನ ಸೇವೆಯಲ್ಲಿದ್ದು, ಕಾಂಗೋ ನದೀಮುಖದಿಂದ ಬಂಡೆಗಳನ್ನು ಒಡೆದು ರಸ್ತೆ ಮಾಡುತ್ತ ಒಳನಾಡಿಗೆ ಬರುತ್ತಿದ್ದನು. ಕಾಂಗೋ ನದಿಯು ಸಮುದ್ರ ಸೇರುವ ಮುನ್ನ ಸರಣಿ ಜಲಪಾತಗಳಾಗಿ ಧುಮುಕುತ್ತದೆ. ಅವುಗಳ ಮೇಲ್ಗಡೆ ನದಿ ಸರೋವರದಂತೆ ಹರಡಿಕೊಂಡಿರುವ ಜಾಗವಿದೆ. ಇಂದು ಅದನ್ನು ಮಾಲೆಬೊ ಮಡು ಎನ್ನುತ್ತಾರೆ. ಅಲ್ಲಿಂದ ಮೇಲಕ್ಕೆ ಸಾವಿರಾರು ಕಿಲೋಮೀಟರ್ ಜಲಮಾರ್ಗ ತೆರೆದಿರುವುದರಿಂದ ಆ ಮಡುವನ್ನು ಹಿಡಿದವರಿಗೆ ಇಡೀ ನಡುನಾಡಿನ ಬಾಗಿಲು ಕೈವಶವಾಗುತ್ತಿತ್ತು.

೧೮೭೯ರ ಕೊನೆಯಲ್ಲಿ ಹೊರಟ ಬ್ರಾಜಾ ಪರಿಚಿತ ಒಗೊವೆ ದಾರಿಯನ್ನೇ ಹಿಡಿದನು. ೧೮೮೦ರ ಜೂನಿನಲ್ಲಿ ಆ ನದಿಯ ಮೇಲ್ಭಾಗದಲ್ಲಿ ಒಂದು ನೆಲೆಯನ್ನು ಸ್ಥಾಪಿಸಿದನು. ಮುಂದೆ ಅದು ಫ್ರಾನ್ಸ್‌ವಿಲ್ ಎಂಬ ಊರಾಯಿತು. ಅಲ್ಲಿಂದ ಪ್ರಸ್ಥಭೂಮಿಯನ್ನು ದಾಟಿ ಎಂಬೆ ಎಂಬಲ್ಲಿದ್ದ ತೆಕೆ ದೊರೆಯ ಆಸ್ಥಾನವನ್ನು ತಲುಪಿದನು. ಮಕೊಕೊ ಎಂಬುದು ಆ ದೊರೆಗಳ ಬಿರುದು. ಆಗಿನ ಮಕೊಕೊನ ಹೆಸರು ಇಲೊ. ತೋಳ್ಬಲಕ್ಕಿಂತ ಪೂರ್ವಿಕರ ಚೇತನಗಳೊಡನೆ ಇರುವ ನಂಟಿನಿಂದಲೇ ಮನ್ನಣೆ ಪಡೆದಿದ್ದ ಆ ದೊರೆತನದ ಹಿರಿಮೆಯನ್ನು ಮಡುವಿನವರೆಗಿನ ಮುಖಂಡರು ಒಪ್ಪುತ್ತಿದ್ದರು. ೧೮೮೦ರ ಸೆಪ್ಟೆಂಬರ್ ೧೦ರಂದು ಇಲೊ ಮತ್ತು ಬ್ರಾಜಾ ನಡುವೆ ಒಪ್ಪಂದವಾಯಿತು. ಅಕ್ಟೋಬರಿನಲ್ಲಿ ಮಡುವಿನ ಬಲದಂಡೆಯಲ್ಲಿ ಜಾಗವೊಂದನ್ನು ಬ್ರಾಜಾ ಪಡೆದನು. ನದಿಯ ವ್ಯಾಪಾರಿ ಜನರ ಮುಖಂಡರೊಡನೆಯೂ ಆತ ಸಂಧಾನ ನಡೆಸಿದನು. ನೆಲದಲ್ಲಿ ಗುಂಡಿ ತೋಡಿ ಮದ್ದುಗುಂಡುಗಳನ್ನು ಹೂತು, ಅದರ ಮೇಲೆ ಗಿಡ ನೆಟ್ಟು, ಯುದ್ಧವನ್ನೇ ಹೂತುಬಿಟ್ಟೆವೆಂಬ ಆಚರಣೆ ನಡೆಯಿತು. ಅಲಿಮಾದ ಚಕಮಕಿಯ ನೆನಪನ್ನು ಅಳಿಸಲೆಂದು ನಡೆದ ಈ ಸನ್ನಿವೇಶವೇ ಮುಂದೆ ಫ್ರಾನ್ಸಿನಲ್ಲಿ ಬ್ರಾಜಾನನ್ನು ಶಾಂತಿದೂತನನ್ನಾಗಿ ಚಿತ್ರಿಸಲು ಮುಖ್ಯ ಆಧಾರವಾಯಿತು.

ಈ ಒಪ್ಪಂದವನ್ನು ಇನ್ನೊಂದು ಬದಿಯಿಂದಲೂ ನೋಡಬೇಕಾಗಿದೆ. ಕಾಗದದ ಮೇಲಿದ್ದ ಭಾಷೆ ಫ್ರೆಂಚ್. ಅದರಲ್ಲಿದ್ದ ಪರಿಕಲ್ಪನೆಗಳು ಯುರೋಪಿನ ಕಾನೂನಿನವು. ಅದರಂತೆ ದೊರೆ ತನ್ನ ನಾಡನ್ನು ಫ್ರಾನ್ಸಿನ ರಕ್ಷಣೆಗೆ ಒಪ್ಪಿಸಿ ತನ್ನ ವಂಶಪಾರಂಪರ್ಯ ಹಕ್ಕನ್ನು ಬಿಟ್ಟುಕೊಟ್ಟಿದ್ದನು. ಆದರೆ ತೆಕೆ ಸಮಾಜದಲ್ಲಿ ನೆಲವೆಂಬುದು ಒಬ್ಬ ವ್ಯಕ್ತಿ ಮಾರಿಬಿಡಬಹುದಾದ ವಸ್ತುವಾಗಿರಲಿಲ್ಲ. ದೊರೆ ಮತ್ತು ನೆಲದ ಒಡೆಯರು ಪೂರ್ವಿಕರ ಪರವಾಗಿ ಅದನ್ನು ಕಾಯುವವರಾಗಿದ್ದರು. ಅತಿಥಿಗೆ ಊರು ಕಟ್ಟಿಕೊಳ್ಳಲು ಜಾಗ ಕೊಡುವುದೂ, ಅವನ ಮೂಲಕ ವ್ಯಾಪಾರದ ಲಾಭವನ್ನೂ ಬಲವಾದ ಮಿತ್ರನನ್ನೂ ಪಡೆಯುವುದೂ ಅಲ್ಲಿ ರೂಢಿಯ ರಾಜನೀತಿಯೇ ಆಗಿತ್ತು. ಹೀಗಾಗಿ ಒಂದೇ ಕಾಗದದ ಮೇಲೆ ಎರಡು ಬೇರೆ ಬೇರೆ ಒಪ್ಪಂದಗಳು ನಡೆದುವೆಂದೇ ಹೇಳಬೇಕಾಗುತ್ತದೆ. ಬ್ರಾಜಾನಿಗೆ ಈ ವ್ಯತ್ಯಾಸ ಎಷ್ಟರಮಟ್ಟಿಗೆ ತಿಳಿದಿತ್ತೆಂಬುದು ಚರ್ಚಾಸ್ಪದ. ಆದರೆ ಅದನ್ನು ತಿಳಿಯಲು ಅವನಷ್ಟು ಅವಕಾಶ ಪಡೆದಿದ್ದ ಯುರೋಪಿಯನ್ನರು ಆ ಕಾಲದಲ್ಲಿ ವಿರಳ.

ಆ ನೆಲೆಯನ್ನು ಕಾಯಲು ಬ್ರಾಜಾ ಬಿಟ್ಟುಹೋದದ್ದು ಸೆನೆಗಲ್ಲಿನ ಸಾರ್ಜೆಂಟ್ ಮಲಾಮಿನ್ ಕಮರಾ ಮತ್ತು ಬೆರಳೆಣಿಕೆಯ ಸಿಪಾಯಿಗಳನ್ನು. ತೀರಕ್ಕೆ ಹಿಂದಿರುಗುವಾಗ ನವೆಂಬರಿನಲ್ಲಿ ಸ್ಟ್ಯಾನ್ಲಿಯ ಬಿಡಾರದಲ್ಲಿ ತಂಗಿದ ಬ್ರಾಜಾ ಒಪ್ಪಂದದ ವಿಷಯವನ್ನೇ ಎತ್ತಲಿಲ್ಲ. ೧೮೮೧ರಲ್ಲಿ ಸ್ಟ್ಯಾನ್ಲಿ ಮಡುವನ್ನು ತಲುಪಿದಾಗ ಧ್ವಜ ಹಿಡಿದು ಎದುರು ಬಂದು ಒಪ್ಪಂದದ ಪ್ರತಿಯನ್ನು ತೋರಿಸಿದವನು ಮಲಾಮಿನ್. ಸ್ಥಳೀಯ ಭಾಷೆ ಕಲಿತು, ಬೇಟೆಯಾಡಿ ತಂದದ್ದನ್ನು ಹಂಚಿ ಊರವರ ಸ್ನೇಹ ಸಂಪಾದಿಸಿದ್ದ ಅವನನ್ನು ಕದಲಿಸಲಾಗದೆ ಸ್ಟ್ಯಾನ್ಲಿ ಎದುರು ದಡಕ್ಕೆ ಸರಿದು ಅಲ್ಲಿ ಲಿಯೊಪೋಲ್ಡ್‌ವಿಲ್ ಅನ್ನು ಕಟ್ಟಿದನು. ನದಿಯ ಎರಡು ದಡಗಳಲ್ಲಿ ಇಂದು ಎದುರುಬದುರಾಗಿ ನಿಂತಿರುವ ಬ್ರಾಜಾವಿಲ್ ಮತ್ತು ಕಿನ್‌ಶಾಸಾ ಎಂಬ ಎರಡು ರಾಜಧಾನಿಗಳ ಹುಟ್ಟು ಹೀಗೆ. ಒಂದಕ್ಕೆ ಬ್ರಾಜಾನ ಹೆಸರು ಬಂದಿತು. ಅದನ್ನು ಉಳಿಸಿಕೊಟ್ಟ ಮಲಾಮಿನ್ ೧೮೮೬ರಲ್ಲಿ ತನ್ನ ನಾಡಿನಲ್ಲಿ, ಸಲ್ಲಬೇಕಾದ ಮನ್ನಣೆಯನ್ನು ಕಾಣದೆ ತೀರಿಕೊಂಡನು.

೧೮೮೨ರಲ್ಲಿ ಪ್ಯಾರಿಸ್ಸಿಗೆ ಮರಳಿದ ಬ್ರಾಜಾ ಜನಪ್ರಿಯ ನಾಯಕನಾದನು. ಛಾಯಾಗ್ರಾಹಕ ನಾದಾರನ ಸ್ಟುಡಿಯೋದಲ್ಲಿ ಪ್ರವಾಸದ ವೇಷದಲ್ಲಿ ತೆಗೆಸಿದ ಚಿತ್ರಗಳು ಎಲ್ಲೆಡೆ ಹರಡಿದವು. ಬಡಕಲು ದೇಹದ, ದೊಡ್ಡ ಕಣ್ಣುಗಳ, ಆಯುಧವಿಲ್ಲದೆ ನಾಡು ಗೆದ್ದ ಸಂತನೆಂಬ ಬಿಂಬ ರೂಪುಗೊಂಡಿತು. ಆ ವರ್ಷದ ನವೆಂಬರಿನಲ್ಲಿ ಫ್ರೆಂಚ್ ಸಂಸತ್ತು ಒಪ್ಪಂದಕ್ಕೆ ಅನುಮೋದನೆ ನೀಡಿತು. ಒಬ್ಬ ಪ್ರವಾಸಿಗನ ಚೀಲದಲ್ಲಿದ್ದ ಕಾಗದ ಒಂದು ವಸಾಹತಿನ ಬುನಾದಿಯಾಯಿತು.

೫

ಅನಂತರದ ಹದಿನೈದು ವರ್ಷಗಳ ಕಥೆಯನ್ನು ಸಂಕ್ಷೇಪವಾಗಿ ಹೇಳಬಹುದು. ಮೂರನೆಯ ಯಾತ್ರೆಯಲ್ಲಿ ಬ್ರಾಜಾ ಅನುಮೋದಿತ ಒಪ್ಪಂದವನ್ನು ೧೮೮೪ರಲ್ಲಿ ಮಕೊಕೊನಿಗೆ ಒಪ್ಪಿಸಿದನು. ೧೮೮೪-೮೫ರ ಬರ್ಲಿನ್ ಸಮ್ಮೇಳನದ ಕಾಲದಲ್ಲಿ ಕಾಂಗೋದ ಬಲದಂಡೆ ಫ್ರಾನ್ಸಿನದೆಂದು ಯುರೋಪಿನ ಶಕ್ತಿಗಳು ಒಪ್ಪಿಕೊಂಡವು. ೧೮೮೬ರಲ್ಲಿ ಬ್ರಾಜಾ ಫ್ರೆಂಚ್ ಕಾಂಗೋದ ಪ್ರಧಾನ ಆಯುಕ್ತನಾದನು. ಅವನ ಆಡಳಿತಕಾಲದಲ್ಲಿ ಫ್ರೆಂಚರ ನೆಲೆಗಳು ಕಾಂಗೋದ ಉಪನದಿಗಳಾದ ಸಂಘಾ ಮತ್ತು ಉಬಂಗಿಗಳ ಗುಂಟ ಉತ್ತರಕ್ಕೆ ಚಾಚಿಕೊಂಡವು. ಇಂದಿನ ಮಧ್ಯ ಆಫ್ರಿಕ ಗಣರಾಜ್ಯದ ರಾಜಧಾನಿಯಾದ ಬಂಗಿಯು ೧೮೮೯ರಲ್ಲಿ ಉಬಂಗಿಯ ದಡದಲ್ಲಿ ಇಂತಹ ಒಂದು ನೆಲೆಯಾಗಿಯೇ ಹುಟ್ಟಿತು.

ಆಡಳಿತಗಾರನಾಗಿ ಬ್ರಾಜಾ ಯಶಸ್ವಿಯಾದನೆಂದು ಹೇಳಲಾಗದು. ಲೆಕ್ಕಪತ್ರಗಳಲ್ಲಿ ಅವನಿಗೆ ಆಸಕ್ತಿಯಿರಲಿಲ್ಲ. ಕಚೇರಿಯನ್ನು ಬಿಟ್ಟು ತಿಂಗಳುಗಟ್ಟಲೆ ಒಳನಾಡಿನಲ್ಲಿ ಇದ್ದುಬಿಡುತ್ತಿದ್ದನು. ವಸಾಹತು ತನ್ನ ವೆಚ್ಚವನ್ನು ತಾನೇ ಭರಿಸಬೇಕೆಂದು ಬಯಸುತ್ತಿದ್ದ ಪ್ಯಾರಿಸ್ಸಿಗೆ ಇದು ಹಿಡಿಸಲಿಲ್ಲ. ೧೮೯೬ರಲ್ಲಿ ನೈಲ್ ನದಿಯ ಕಡೆಗೆ ಹೊರಟ ಮಾರ್ಶಾನನ ಸೇನಾಯಾತ್ರೆಯ ಅಪಾರ ಸಾಮಗ್ರಿಯನ್ನು ಲೊಆಂಗೊ ತೀರದಿಂದ ಬ್ರಾಜಾವಿಲ್ಲಿಗೆ ತಲೆಹೊರೆಯಲ್ಲಿ ಸಾಗಿಸಬೇಕಾಗಿ ಬಂದು, ದಾರಿಬದಿಯ ಜನ ದಂಗೆಯೆದ್ದರು. ಬ್ರಾಜಾ ಸಾಕಷ್ಟು ಸಹಕರಿಸಲಿಲ್ಲವೆಂಬ ದೂರು ಹುಟ್ಟಿತು. ೧೮೯೮ರ ಆರಂಭದಲ್ಲಿ ಅವನನ್ನು ಹುದ್ದೆಯಿಂದ ತೆಗೆದುಹಾಕಲಾಯಿತು. ೧೮೯೫ರಲ್ಲಿ ತೆರೆಸ್ ದ ಶಾಂಬ್ರಾಳನ್ನು ಮದುವೆಯಾಗಿದ್ದ ಅವನು ಅಲ್ಜಿಯರ್ಸಿಗೆ ಹೋಗಿ ನೆಲೆಸಿದನು.

ಅವನು ನಿರ್ಗಮಿಸಿದ ಮರುವರ್ಷವೇ ವಸಾಹತಿನ ಸ್ವರೂಪ ಬದಲಾಯಿತು. ೧೮೯೯ರಲ್ಲಿ ಸುಮಾರು ಆರೂವರೆ ಲಕ್ಷ ಚದರ ಕಿಲೋಮೀಟರ್ ವಿಸ್ತಾರದ ನೆಲವನ್ನು ನಲವತ್ತು ಖಾಸಗಿ ಕಂಪನಿಗಳಿಗೆ ಮೂವತ್ತು ವರ್ಷಗಳ ಅವಧಿಗೆ ಗುತ್ತಿಗೆ ನೀಡಲಾಯಿತು. ಆ ನೆಲದಲ್ಲಿ ದೊರೆಯುವ ರಬ್ಬರ್ ಮತ್ತು ಆನೆದಂತಗಳು ಕಂಪನಿಗಳವಾದವು. ಸರಕಾರಕ್ಕೆ ವಾರ್ಷಿಕ ಬಾಡಿಗೆಯೊಂದಿಗೆ ಲಾಭದಲ್ಲಿ ಶೇ. ೧೫ರಷ್ಟು ಪಾಲು. ತಲೆತಲಾಂತರದಿಂದ ನಡೆದುಬಂದ ನದಿವ್ಯಾಪಾರ ಒಮ್ಮೆಗೇ ಅಪರಾಧವಾಯಿತು. ತಮ್ಮ ಕಾಡಿನ ಬಳ್ಳಿಯಿಂದ ತೆಗೆದ ರಬ್ಬರನ್ನು ತಮಗೆ ಬೇಕಾದವರಿಗೆ ಮಾರುವ ಹಕ್ಕು ಜನರಿಗೆ ಉಳಿಯಲಿಲ್ಲ. ಇದರ ಮೇಲೆ ತಲೆಗಂದಾಯ ಬಂದಿತು. ನಾಣ್ಯದ ಚಲಾವಣೆಯೇ ಇಲ್ಲದ ಊರುಗಳಲ್ಲಿ ಕಂದಾಯವೆಂದರೆ ರಬ್ಬರ್ ಎಂದೇ ಅರ್ಥವಾಗಿತ್ತು. ಯುರೋಪಿನ ವ್ಯಾಪಾರವು ಒಳನಾಡಿಗೆ ಏಳಿಗೆಯನ್ನು ತರುವುದೆಂದು ನಂಬಿದ್ದ ಬ್ರಾಜಾನ ಕಲ್ಪನೆಯ ವ್ಯಾಪಾರ ಇದಾಗಿರಲಿಲ್ಲ. ಆದರೆ ಕಂಪನಿಗಳಿಗೆ ಹಂಚಲು ಸರಕಾರದ ಕೈಯಲ್ಲಿ ನೆಲವಿದ್ದುದಕ್ಕೆ ಕಾರಣ ಅವನ ಪಯಣಗಳೇ ಎಂಬುದನ್ನು ಮರೆಯುವಂತಿಲ್ಲ.

೬

೧೯೦೫ರ ಆರಂಭದಲ್ಲಿ ಪ್ಯಾರಿಸ್ಸಿನ ಪತ್ರಿಕೆಗಳಲ್ಲಿ ಒಂದು ಸುದ್ದಿ ಪ್ರಕಟವಾಯಿತು. ಉಬಂಗಿಯ ಉತ್ತರಕ್ಕಿದ್ದ ಕ್ರಾಂಪೆಲ್ ಕೋಟೆಯಲ್ಲಿ ೧೯೦೩ರ ಜುಲೈ ೧೪ರಂದು, ಫ್ರಾನ್ಸಿನ ಸ್ವಾತಂತ್ರ್ಯ ಸಮಾನತೆಗಳ ಹಬ್ಬದ ದಿನ, ಪಕ್ಪಾ ಎಂಬ ಕೈದಿಯನ್ನು ಡೈನಮೈಟ್ ಕಟ್ಟಿ ಸ್ಫೋಟಿಸಿ ಕೊಲ್ಲಲಾಗಿತ್ತು. ತೊಕೆ ಮತ್ತು ಗೋ ಎಂಬ ಇಬ್ಬರು ವಸಾಹತು ನೌಕರರು ಆರೋಪಿಗಳಾಗಿದ್ದರು. ಲಿಯೊಪೋಲ್ಡನ ಕಾಂಗೋದಲ್ಲಿನ ಕ್ರೌರ್ಯಗಳ ಬಗ್ಗೆ ಬ್ರಿಟನ್ನಿನ ರೋಜರ್ ಕೇಸ್‌ಮೆಂಟನ ವರದಿ ೧೯೦೪ರಲ್ಲಿ ಬೆಳಕು ಕಂಡಿತ್ತು. ನಮ್ಮ ಕಾಂಗೋ ಅಂತಹುದಲ್ಲವೆಂದು ತೋರಿಸುವ ತುರ್ತು ಫ್ರೆಂಚ್ ಸರಕಾರಕ್ಕಿತ್ತು. ಅದಕ್ಕೆ ಬೇಕಾಗಿದ್ದುದು ಜನ ನಂಬುವ ಒಂದು ಹೆಸರು. ಸರಕಾರ ಬ್ರಾಜಾನನ್ನು ಕರೆಯಿತು. ಆರೋಗ್ಯ ಕೆಟ್ಟಿದ್ದರೂ ಅವನು ಒಪ್ಪಿದನು. ೧೯೦೫ರ ಏಪ್ರಿಲ್ ೫ರಂದು ಪತ್ನಿಯೊಡನೆ ಮಾರ್ಸೇಲಿನಿಂದ ಹೊರಟನು. ತಂಡದಲ್ಲಿ ಸರಕಾರಿ ತನಿಖಾಧಿಕಾರಿಗಳಲ್ಲದೆ ಫೆಲಿಸಿಯಾ ಶಾಲೆ ಎಂಬ ಯುವ ತತ್ತ್ವಶಾಸ್ತ್ರ ಅಧ್ಯಾಪಕನೂ ಇದ್ದನು. ಪತ್ರಿಕೆಗೆ ಅವನು ಕಳುಹಿಸಿದ ಬರಹಗಳಿಂದ ಈ ಪಯಣದ ಅನೇಕ ವಿವರಗಳು ಉಳಿದುಬಂದಿವೆ.

ಈ ಬಾರಿ ದಾರಿ ಬೇರೆ. ಒಗೊವೆಯ ದೋಣಿಗಳ ಬದಲು ಬೆಲ್ಜಿಯನ್ನರು ೧೮೯೮ರಲ್ಲಿ ಮುಗಿಸಿದ್ದ ರೈಲು ಮಾರ್ಗ ಎದುರು ದಡದಲ್ಲಿ ಸಿದ್ಧವಾಗಿತ್ತು. ಅದರಲ್ಲಿ ಮಡುವನ್ನು ತಲುಪಿ, ನದಿ ದಾಟಿ, ತನ್ನ ಹೆಸರಿನ ಪಟ್ಟಣಕ್ಕೆ ಬ್ರಾಜಾ ಬಂದಿಳಿದನು. ೧೯೦೪ರಿಂದ ಅದು ವಸಾಹತಿನ ರಾಜಧಾನಿಯಾಗಿತ್ತು. ಆಯುಕ್ತನ ಹುದ್ದೆಯಲ್ಲಿದ್ದವನು ಒಂದು ಕಾಲದಲ್ಲಿ ಅವನ ಅಧೀನದಲ್ಲಿದ್ದ ಎಮಿಲ್ ಜಾಂತಿ. ತನಿಖೆಗೆ ಆಡಳಿತದಿಂದ ಸಹಕಾರ ದೊರೆಯಲಿಲ್ಲ. ಬ್ರಾಜಾ ಕಚೇರಿಯ ಕಡತಗಳನ್ನಷ್ಟೇ ನೆಚ್ಚದೆ ಹಬೆದೋಣಿಯಲ್ಲಿ ಕಾಂಗೋ ಮತ್ತು ಉಬಂಗಿ ನದಿಗಳನ್ನು ಏರಿ ಉತ್ತರಕ್ಕೆ ಹೊರಟನು.

ಬಂಗಿಯಲ್ಲಿ ಅವನಿಗೆ ತಿಳಿದುಬಂದ ಸಂಗತಿ ಇಡೀ ವ್ಯವಸ್ಥೆಯ ಮುಖವನ್ನು ತೋರಿಸಿತು. ೧೯೦೪ರಲ್ಲಿ, ಲೊಬಾಯೆ ನದಿ ಉಬಂಗಿಯನ್ನು ಕೂಡುವ ಮೊಂಗುಂಬಾ ಪ್ರದೇಶದ ಊರುಗಳಿಂದ ೫೮ ಹೆಂಗಸರನ್ನೂ ೧೦ ಮಕ್ಕಳನ್ನೂ ಒತ್ತೆಯಾಳುಗಳಾಗಿ ಹಿಡಿದು ತರಲಾಗಿತ್ತು. ಗಂಡಸರು ಕಂದಾಯದ ರಬ್ಬರನ್ನು ತಂದೊಪ್ಪಿಸಲಿ ಎಂಬುದೇ ಉದ್ದೇಶ. ಬಂಗಿಯಲ್ಲಿ ಅವರೆಲ್ಲರನ್ನೂ ಕಿಟಕಿಯಿಲ್ಲದ ಒಂದು ಇಕ್ಕಟ್ಟಾದ ಮನೆಯಲ್ಲಿ ಕೂಡಿಹಾಕಲಾಯಿತು. ಅನ್ನ ಗಾಳಿಗಳಿಲ್ಲದೆ ೪೫ ಹೆಂಗಸರೂ ೨ ಮಕ್ಕಳೂ ಸತ್ತರು. ಆ ಊರಿಗೆ ಹೊಸದಾಗಿ ಬಂದ ವೈದ್ಯನೊಬ್ಬನು ಬಾಗಿಲು ತೆಗೆಸಿದ್ದರಿಂದ ಉಳಿದವರು ಬದುಕಿದರು. ಇದು ಕ್ರಾಂಪೆಲ್ ಕೋಟೆಯ ಘಟನೆಯಂತೆ ಇಬ್ಬರು ವ್ಯಕ್ತಿಗಳ ವಿಕೃತಿಯೆಂದು ತಳ್ಳಿಹಾಕಬಹುದಾದ ಸಂಗತಿಯಾಗಿರಲಿಲ್ಲ. ಕಂದಾಯ ವಸೂಲಿಯ ದಿನನಿತ್ಯದ ವಿಧಾನವೇ ಇಲ್ಲಿ ಸಾವಿಗೆ ಕಾರಣವಾಗಿತ್ತು.

ಬಂಗಿಯಿಂದ ಮುಂದಕ್ಕೆ ಸಿಬು ಕೋಟೆಯ ಮೂಲಕ ಕ್ರಾಂಪೆಲ್ ಕೋಟೆಗೆ ಹೋಗುವ ದಾರಿ ಮಂಜಾ ಜನರ ಹುಲ್ಲುಗಾಡುಗಳನ್ನು ಹಾದುಹೋಗುತ್ತದೆ. ಉಬಂಗಿಯ ನೀರಿನಿಂದ ಚಾಡ್ ಸರೋವರದ ಕಡೆಗೆ ಹರಿಯುವ ನೀರಿಗೆ ಸರಕು ಸಾಗಿಸಬೇಕಾದರೆ ಈ ನೆಲವನ್ನು ದಾಟಲೇಬೇಕು. ಚಾಡ್ ಪ್ರಾಂತದಲ್ಲಿದ್ದ ಸೇನೆಗೆ ಬೇಕಾದ ಪ್ರತಿಯೊಂದು ಪೆಟ್ಟಿಗೆಯೂ ಮಂಜಾ ಜನರ ತಲೆಯ ಮೇಲೆ ಸಾಗುತ್ತಿತ್ತು. ಹೊರೆ ಹೊರುವುದನ್ನು ತಪ್ಪಿಸಿಕೊಳ್ಳಲು ಗಂಡಸರು ಪೊದೆಗಾಡುಗಳಿಗೆ ಓಡಿಹೋದರೆ ಅವರ ಹೆಂಡಿರು ಮಕ್ಕಳನ್ನು ಹಿಡಿದು ಒತ್ತೆಯಿಡಲಾಗುತ್ತಿತ್ತು. ಹೊಲಗಳು ಪಾಳುಬಿದ್ದು, ಊರುಗಳು ಬರಿದಾಗಿ, ಹಸಿವು ಹಬ್ಬಿತ್ತು. ಒಗೊವೆಯಲ್ಲಿ ದೋಣಿಗರು ಬರುವವರೆಗೆ ತಿಂಗಳುಗಟ್ಟಲೆ ಕಾದಿದ್ದ ಬ್ರಾಜಾ, ಈಗ ಒಂದು ಹೊರೆಗಾಗಿ ಒಂದು ಕುಟುಂಬವನ್ನೇ ಸೆರೆಹಿಡಿಯುವ ಆಡಳಿತದ ದಾಖಲೆಗಳನ್ನು ಸಂಗ್ರಹಿಸುತ್ತಿದ್ದನು. ಎರಡು ಪಯಣಗಳೂ ನಡೆದದ್ದು ಒಂದೇ ಧ್ವಜದ ಕೆಳಗೆ.

ಆಗಸ್ಟಿನಲ್ಲಿ ಬ್ರಾಜಾವಿಲ್ಲಿನಲ್ಲಿ ತೊಕೆ ಮತ್ತು ಗೋ ಇವರ ವಿಚಾರಣೆ ನಡೆದು ತಲಾ ಐದು ವರ್ಷಗಳ ಸೆರೆವಾಸದ ಶಿಕ್ಷೆಯಾಯಿತು. ಒಬ್ಬ ಆಫ್ರಿಕನನ ಸಾವಿಗೆ ಇಷ್ಟು ಶಿಕ್ಷೆಯೇ ಎಂದು ಪಟ್ಟಣದ ಬಿಳಿಯರು ಕೆರಳಿದರೆಂದು ಶಾಲೆ ದಾಖಲಿಸಿದ್ದಾನೆ. ಆ ವೇಳೆಗೆ ಬ್ರಾಜಾ ತೀವ್ರ ಭೇದಿಯಿಂದ ಹಾಸಿಗೆ ಹಿಡಿದಿದ್ದನು. ಹಿಂದಿರುಗುವ ಹಡಗಿನಲ್ಲಿ ಸ್ಥಿತಿ ಬಿಗಡಾಯಿಸಿ, ೧೯೦೫ರ ಸೆಪ್ಟೆಂಬರ್ ೧೪ರಂದು ಸೆನೆಗಲ್ಲಿನ ಡಕಾರಿನಲ್ಲಿ ತೀರಿಕೊಂಡನು. ಅವನಿಗೆ ವಿಷವುಣಿಸಲಾಗಿದೆ ಎಂಬ ಅನುಮಾನ ಪತ್ನಿಯನ್ನು ಕೊನೆಯವರೆಗೂ ಕಾಡಿತು. ಅದಕ್ಕೆ ಪುರಾವೆ ದೊರೆತಿಲ್ಲ.

೭

ಅಕ್ಟೋಬರಿನಲ್ಲಿ ಪ್ಯಾರಿಸ್ಸಿನಲ್ಲಿ ಸರಕಾರಿ ಗೌರವಗಳೊಡನೆ ಅಂತ್ಯಕ್ರಿಯೆ ನಡೆಯಿತು. ಶವಪೆಟ್ಟಿಗೆಗೆ ಸಂದ ಗೌರವ ಅವನ ಕಾಗದಗಳಿಗೆ ಸಲ್ಲಲಿಲ್ಲ. ಅವನು ಸಂಗ್ರಹಿಸಿದ ದಾಖಲೆಗಳನ್ನು ಆಧರಿಸಿ ವರದಿ ತಯಾರಿಸಲು ಲಾನೆಸ್ಸಾನ್ ಎಂಬವನ ಅಧ್ಯಕ್ಷತೆಯಲ್ಲಿ ಆಯೋಗ ನೇಮಕವಾಯಿತು. ೧೯೦೬ರ ಫೆಬ್ರವರಿಯಲ್ಲಿ ಸಂಸತ್ತಿನಲ್ಲಿ ಚರ್ಚೆ ನಡೆದು, ದಾಖಲೆಗಳ ಪ್ರಕಟಣೆಯನ್ನು ಬಹುಮತ ತಿರಸ್ಕರಿಸಿತು. ೧೯೦೭ರಲ್ಲಿ ವರದಿಯ ಹತ್ತೇ ಪ್ರತಿಗಳನ್ನು ಅಚ್ಚುಮಾಡಿ ಗೋಪ್ಯವಾಗಿ ಇರಿಸಲಾಯಿತು. ೧೯೬೦ರ ದಶಕದಲ್ಲಿ ಇತಿಹಾಸಕಾರ್ತಿ ಕ್ಯಾಥರೀನ್ ಕೊಕೆರಿ-ವಿದ್ರೊವಿಚ್ ಅವರು ಸರಕಾರಿ ದಫ್ತರುಗಳಲ್ಲಿ ಅದರ ಪ್ರತಿಯನ್ನು ಪತ್ತೆಹಚ್ಚಿದರು. ಪುಸ್ತಕರೂಪದಲ್ಲಿ ಅದು ಸಾರ್ವಜನಿಕರ ಕೈ ಸೇರಿದ್ದು ೨೦೧೪ರಲ್ಲಿ, ಬ್ರಾಜಾ ತೀರಿಕೊಂಡ ೧೦೯ ವರ್ಷಗಳ ಬಳಿಕ.

ವರದಿಯನ್ನು ಮುಚ್ಚಿಟ್ಟುದರ ಪರಿಣಾಮ ಬರಿಯ ಗ್ರಂಥಸೂಚಿಗೆ ಸಂಬಂಧಿಸಿದ್ದಲ್ಲ. ಗುತ್ತಿಗೆ ಪದ್ಧತಿ ಕೆಲವು ಮಾರ್ಪಾಡುಗಳೊಡನೆ ಮುಂದುವರಿಯಿತು. ೧೯೨೫-೨೬ರಲ್ಲಿ ಇದೇ ಉಬಂಗಿ, ಲೊಬಾಯೆ ಪ್ರದೇಶಗಳಲ್ಲಿ ಸಂಚರಿಸಿದ ಲೇಖಕ ಆಂದ್ರೆ ಜೀದ್ ಕಂಪನಿಗಳ ರಬ್ಬರ್ ವಸೂಲಿಯ ಕ್ರೌರ್ಯವನ್ನು ಮತ್ತೆ ಹೊಸದಾಗಿ ಕಂಡು, ೧೯೨೭ರಲ್ಲಿ ತನ್ನ ಕಾಂಗೋ ಪ್ರವಾಸಕಥನವನ್ನು ಪ್ರಕಟಿಸಬೇಕಾಯಿತು. ೧೯೨೧ರಿಂದ ೧೯೩೪ರವರೆಗೆ ನಡೆದ ಬ್ರಾಜಾವಿಲ್-ಸಮುದ್ರತೀರದ ರೈಲುಮಾರ್ಗದ ನಿರ್ಮಾಣದಲ್ಲಿ ಬಲವಂತದ ದುಡಿಮೆಯಿಂದ ಸಾವಿರಾರು ಜನ ಸತ್ತರು. ೧೯೦೫ರಲ್ಲಿ ಒಬ್ಬನು ನೋಡಿ ಬರೆದದ್ದು ಅಂದೇ ಓದಿಗೆ ದಕ್ಕಿದ್ದರೆ ಇವೆಲ್ಲ ತಪ್ಪುತ್ತಿತ್ತೆಂದು ಹೇಳಲಾಗದು. ಆದರೆ ತಿಳಿದಿರಲಿಲ್ಲವೆಂಬ ನೆಪ ಆಳುವವರಿಗೆ ಉಳಿಯುತ್ತಿರಲಿಲ್ಲ.

೧೯೬೦ರಲ್ಲಿ ಸ್ವಾತಂತ್ರ್ಯ ಬಂದ ಬಳಿಕ ಆ ಭಾಗದ ಅನೇಕ ಊರುಗಳ ಹೆಸರುಗಳು ಬದಲಾದವು. ಲಿಯೊಪೋಲ್ಡ್‌ವಿಲ್ ಕಿನ್‌ಶಾಸಾ ಆಯಿತು; ಕ್ರಾಂಪೆಲ್ ಕೋಟೆ ಕಾಗಾ ಬಂದೊರೊ ಆಯಿತು. ಬ್ರಾಜಾವಿಲ್ ಮಾತ್ರ ಹಾಗೆಯೇ ಉಳಿಯಿತು. ೨೦೦೬ರ ಅಕ್ಟೋಬರಿನಲ್ಲಿ ಬ್ರಾಜಾ ಮತ್ತು ಅವನ ಕುಟುಂಬದವರ ಅವಶೇಷಗಳನ್ನು ಅಲ್ಜಿಯರ್ಸಿನಿಂದ ತಂದು ಆ ನಗರದಲ್ಲಿ ಕಟ್ಟಿಸಿದ ಅಮೃತಶಿಲೆಯ ಸ್ಮಾರಕದಲ್ಲಿ ಇರಿಸಲಾಯಿತು. ವಸಾಹತು ಸ್ಥಾಪಕನೊಬ್ಬನಿಗೆ ಸ್ವತಂತ್ರ ದೇಶ ಇಂತಹ ಸ್ಮಾರಕ ಕಟ್ಟುವುದು ಸರಿಯೇ ಎಂಬ ಪ್ರಶ್ನೆಯನ್ನು ಆ ದೇಶದವರೇ ಎತ್ತಿದರು.

ಈ ಪ್ರಶ್ನೆಗೆ ಬ್ರಾಜಾನ ಬದುಕಿನಲ್ಲಿ ಸರಳ ಉತ್ತರವಿಲ್ಲ. ಅವನ ಸೌಮ್ಯತೆ ನಟನೆಯಾಗಿರಲಿಲ್ಲ. ಆದರೆ ಆ ಸೌಮ್ಯತೆಯೇ ಒಪ್ಪಂದವನ್ನು ಸಾಧ್ಯವಾಗಿಸಿತು. ಒಪ್ಪಂದವು ಗುತ್ತಿಗೆಯನ್ನು ಸಾಧ್ಯವಾಗಿಸಿತು. ಗುತ್ತಿಗೆಯು ಬಂಗಿಯ ಆ ಕತ್ತಲಮನೆಯನ್ನು ಸಾಧ್ಯವಾಗಿಸಿತು. ಒಳ್ಳೆಯ ವಸಾಹತುಗಾರ ಮತ್ತು ಕೆಟ್ಟ ವಸಾಹತುಗಾರ ಎಂಬ ವಿಂಗಡಣೆ ಇಲ್ಲಿ ಕೆಲಸಕ್ಕೆ ಬಾರದು. ಅದೇ ವೇಳೆಗೆ, ತಾನು ಕಂಡದ್ದು ತನ್ನ ಜೀವಮಾನದ ಕೆಲಸಕ್ಕೇ ವಿರುದ್ಧವಾದ ಸಾಕ್ಷ್ಯವೆಂದು ಗೊತ್ತಿದ್ದೂ ಅವನು ಅದನ್ನು ಬರೆದಿಟ್ಟನು ಎಂಬುದನ್ನು ಅಲ್ಲಗಳೆಯಲಾಗದು. ಅಮೃತಶಿಲೆಯ ಸ್ಮಾರಕ ಮೊದಲ ಪಯಣಗಳ ಬ್ರಾಜಾನನ್ನು ನೆನೆಯುತ್ತದೆ. ಕೊನೆಯ ಪಯಣದ ಬ್ರಾಜಾ ಉಳಿದಿರುವುದು ಆ ವರದಿಯಲ್ಲಿ. ಅದನ್ನು ಓದುವಾಗ ನಮಗೆ ಮುಖ್ಯವಾಗಬೇಕಾದುದು ಬ್ರಾಜಾನ ಹೆಸರಿಗಿಂತ, ಹೆಸರುಗಳೂ ದಾಖಲಾಗದೆ ಬರಿಯ ಸಂಖ್ಯೆಯಾಗಿ ಉಳಿದ ಮೊಂಗುಂಬಾದ ಆ ೪೫ ಹೆಂಗಸರು. ವಸಾಹತುಕಾಲದ ಪ್ರವಾಸದ ಆಕರಗಳನ್ನು, ಬುಕನನ್‌ನ ಬರಹವೂ ಸೇರಿದಂತೆ, ಬಳಸುವ ನಾವು ಇಂತಹ ಸಂಖ್ಯೆಗಳ ಮುಂದೆ ತಡೆದು ನಿಲ್ಲುವುದನ್ನು ರೂಢಿಸಿಕೊಳ್ಳಬೇಕಾಗಿದೆ.